ಬಾಣಂತನಕ್ಕೆ ಹೊರಟವರ ಒಂದು ದಿನದ ಲೆಕ್ಕ

ಮಗಳ ಬಾಣಂತನಕ್ಕೆ ಅಮೆರಿಕಕ್ಕೆ ಹೊರಟ ಅಮ್ಮನ ಸೂಟ್‌ಕೇಸಿನಲ್ಲಿ ಅಂಟಿನುಂಡೆ ಇರಲೇಬೇಕು, ಅಲ್ವೇ? ಶಿರಹಟ್ಟಿ ತಾಲ್ಲೂಕಿನ ಬೆಳ್ಳಟ್ಟಿಯ ನನ್ನ ಚಿಕ್ಕಮ್ಮನೂ 2022ರ ಜನವರಿಯಲ್ಲಿ ಅದನ್ನೆಲ್ಲ ಕಟ್ಟಿಕೊಂಡೇ ಹೊರಟಿದ್ದರು. ಕೈಕೊಟ್ಟಿದ್ದು ಕೊರೊನಾ ರಿಪೋರ್ಟ್.

2021ರ ಜನವರಿ 26ರಿಂದ ಅಮೆರಿಕ ಮೂರು ದಿನದೊಳಗಿನ ನೆಗೆಟಿವ್ ರಿಪೋರ್ಟ್ ಕೇಳುತ್ತಿತ್ತು. ಓಮೈಕ್ರಾನ್ ಬಂದ ಮೇಲೆ, ಡಿಸೆಂಬರ್ 6ರಿಂದ, ಒಂದೇ ದಿನ! ಬೆಂಗಳೂರಿನ ನಮಗೇನು, ಲ್ಯಾಬ್‌ನವರು ಮನೆಗೇ ಬರುತ್ತಿದ್ದರು. ಬೆಳ್ಳಟ್ಟಿಯವರಿಗೆ ಒಂದು ರಾತ್ರಿ ಬಸ್ಸಿನಲ್ಲೇ ಹೋಗುತ್ತೆ. ಹಾಗಂತ ಚಿಕ್ಕಮ್ಮ ಎರಡು ದಿನ ಮೊದಲೇ ಊರ ಕಡೆ ಪರೀಕ್ಷೆ ಮಾಡಿಸಿಕೊಂಡು ಬಂದರು. ರಿಪೋರ್ಟ್ ಸಿಕ್ಕಿದ್ದು ಮಾರನೇ ದಿನ. ಆದರೆ ಲೆಕ್ಕ ಮಾದರಿ ಕೊಟ್ಟ ದಿನದಿಂದ! ವಿಮಾನ ತಪ್ಪಿತು.

ನಿಜ ಹೇಳಬೇಕೆಂದರೆ ಅಮೆರಿಕದವರು ಗಂಟೆ ಎಣಿಸುತ್ತಿರಲಿಲ್ಲ, ತಾರೀಖು ನೋಡುತ್ತಿದ್ದರು. ಹತ್ತನೇ ತಾರೀಖು ರಾತ್ರಿ ವಿಮಾನವಿದ್ದರೆ ಒಂಬತ್ತರ ಬೆಳಿಗ್ಗೆ ಬಸ್ಸಿಳಿದು ಬೆಂಗಳೂರಲ್ಲೇ ಪರೀಕ್ಷೆ ಮಾಡಿಸಬಹುದಿತ್ತು. ಬೇಗ ಸಿಗುವ ಆಂಟಿಜೆನ್ ರಿಪೋರ್ಟೂ ಸಾಕಿತ್ತು. ಇದನ್ನು ಚಿಕ್ಕಮ್ಮನಿಗೆ ಯಾರೂ ಓದಿ ಹೇಳಿರಲಿಲ್ಲ. ಚಿಕ್ಕಪ್ಪನವರಿಗಂತೂ ‘ಎಲ್ಲಾ ಗೊತ್ತಿತ್ತು’ ಬಿಡಿ!

ಸೋಂಕು ತಡೆಯೋಕೆ ಮಾಡಿದ ನಿಯಮ ತಪ್ಪು ಅಂತ ನಾನನ್ನಲ್ಲ. 2022ರ ಜೂನ್ 12ಕ್ಕೆ ಅದು ಮುಗಿದೂ ಹೋಯ್ತು. ಆದರೆ ಪ್ರಯಾಣದ ಕಾಗದಪತ್ರ ಗಂಡಸರ ಕೆಲಸ, ಉಂಡೆ ಕಟ್ಟೋದು ನಮ್ಮದು ಅನ್ನೋ ಪದ್ಧತಿ ಇನ್ನೂ ಹೋಗಿಲ್ಲ. ಹೋಗುವವರು ನೀವಾದರೆ ನಿಯಮವನ್ನು ನೀವೇ ಓದಿ. ಇಂಗ್ಲಿಷ್ ತೊಡಕಾದರೆ ಮಗಳಿಗೇ ಫೋನ್ ಮಾಡಿ, ಸಾಲುಸಾಲಾಗಿ ಓದಿಸಿಕೊಳ್ಳಿ.

ಚಿಕ್ಕಮ್ಮ ತಲುಪುವಷ್ಟರಲ್ಲಿ ಮೊಮ್ಮಗಳಿಗೆ ಮೂರು ದಿನವಾಗಿತ್ತು.