ಸನ್ಮಾನದ ಶಾಲು ಬೇಡ, ಸೋಲ್ಡರಿಂಗ್ ಐರನ್ ಕೊಡಿ

ಗಡಿಯಾಚೆಯ ಕನ್ನಡ ಶಾಲೆಯ ಮಾಸ್ತರರಿಗೆ ವರ್ಷವಿಡೀ ಕೇಳಿಸುವ ಮಾತೊಂದಿದೆ. "ಸರ್ರ, ಕನ್ನಡದಾಗ ಸಾಯನ್ಸ್ ಕಲತು ಹುಡುಗ ಮುಂದ ಏನ್ ಮಾಡ್ತಾನ್ರಿ?" ಸಾಂಗಲಿಯಲ್ಲಿ ಕೇಳುತ್ತಾರೆ, ಮಿರಜದಲ್ಲಿ ಕೇಳುತ್ತಾರೆ. ಜತ್ತ ತಾಲೂಕಿನ ಹಳ್ಳಿಗಳಲ್ಲಂತೂ ಹೊಸ ಮಕ್ಕಳ ಹೆಸರು ಬರೆದುಕೊಳ್ಳುವ ಜೂನ್ ತಿಂಗಳಲ್ಲಿ ದಿನಾ ಕೇಳುತ್ತಾರೆ. ಕೇಳುವವರು ಕನ್ನಡದ ವೈರಿಗಳಲ್ಲ, ತಮ್ಮ ಮಗುವಿನ ಹೊಟ್ಟೆಪಾಡಿನ ಚಿಂತೆ ಮಾಡುವ ಅಪ್ಪ ಅವ್ವ. ಅವರಿಗೆ ಭಾಷಾಭಿಮಾನದ ಭಾಷಣ ಉತ್ತರವಾಗುವುದಿಲ್ಲ. ಆದ್ದರಿಂದ ನಾವು ಈ ಸಲ ಭಾಷಣ ಬಿಟ್ಟು ಒಂದು ವಸ್ತುವನ್ನೇ ಮುಂದಿಡುತ್ತೇವೆ.

ಅದರ ಹೆಸರು ಲಾಜಿಕ್ ಪ್ರೋಬ್. ಹುಡುಗರ ಬಾಯಲ್ಲಿ ಅದು 'ದೀಪದ ಪೆನ್ನು'. ತುದಿಯಲ್ಲೊಂದು ಸೂಜಿ, ಹೊಟ್ಟೆಯಲ್ಲಿ ಮೂರು ಎಲ್‌ಇಡಿ ದೀಪ, ಬಾಲದಲ್ಲಿ ಎರಡು ಮೊಸಳೆ ಕ್ಲಿಪ್ಪು. ಡಿಜಿಟಲ್ ಸರ್ಕ್ಯೂಟಿನ ಯಾವ ತಂತಿಗೆ ಸೂಜಿ ಮುಟ್ಟಿಸಿದರೂ ಅಲ್ಲಿ ಒಂದು ಇದೆಯೋ, ಸೊನ್ನೆ ಇದೆಯೋ, ಅಥವಾ ಮಿಡಿತ ಓಡುತ್ತಿದೆಯೋ ಎಂದು ದೀಪ ಹೇಳುತ್ತದೆ. 1968ರಲ್ಲಿ ಹ್ಯೂಲೆಟ್ ಪ್ಯಾಕರ್ಡ್ ಕಂಪನಿಯ ಗ್ಯಾರಿ ಗಾರ್ಡನ್ ಎಂಬವರು ಇದನ್ನು ಕಂಡುಹಿಡಿದರು. ಇಂದು ಇದಕ್ಕೆ ಬೇಕಾದ ಸಾಮಾನೆಲ್ಲ ಸೇರಿದರೂ ಹತ್ತನೆಯ ಇಯತ್ತೆಯ ಒಂದು ದಪ್ಪ ಗೈಡಿನ ಬೆಲೆ ಆಗುವುದಿಲ್ಲ!

ಇನ್ನು ಇದನ್ನು ಯಾವುದರ ಮೇಲೆ ಪ್ರಯೋಗಿಸುವುದು? ಹಳೆಯ ಟಿವಿ ವಿಡಿಯೋ ಗೇಮಿನ ಮೇಲೆ. ಮೀಡಿಯಾದಂಥ ಹೆಸರಿನಲ್ಲಿ, ಆಮೇಲೆ ಹೆಸರೇ ಇಲ್ಲದೆ, ಕ್ಯಾಸೆಟ್ ಹಾಕಿ ಆಡುವ ಪೆಟ್ಟಿಗೆಗಳು ಮನೆಮನೆಗೆ ಬಂದಿದ್ದವಲ್ಲ, ಅವೇ. ಈಗ ಅವು ಅಟ್ಟದ ಮೇಲೆ ಇವೆ, ಇಲ್ಲವೇ ಗುಜರಿ ಅಂಗಡಿಯಲ್ಲಿ (ನಮ್ಮ ಕಡೆಯ ಮಾತಿನಲ್ಲಿ ಭಂಗಾರದಲ್ಲಿ) ತೂಕಕ್ಕೆ ಬಿದ್ದಿವೆ. ಜಪಾನಿನ ನಿಂಟೆಂಡೊ ಕಂಪನಿ 1983ರಲ್ಲಿ ಹೊರತಂದ ಫ್ಯಾಮಿಕಾಮ್ ಎಂಬ ಯಂತ್ರದ ನಕಲು ಅವು.

ಮೊಬೈಲ್ ಬಿಟ್ಟು ಈ ಹಳೇ ಪೆಟ್ಟಿಗೆ ಯಾಕೆ ಎಂದು ಕೇಳಬಹುದು. ಮೊಬೈಲಿನ ಒಳಗೆ ಮಗುವಿನ ಸೂಜಿ ಹೋಗುವ ಜಾಗವೇ ಇಲ್ಲ. ಈ ಪೆಟ್ಟಿಗೆಯ ಜಾಯ್‌ಸ್ಟಿಕ್ ಕೆಲಸ ಮಾಡಲು ಬೇಕಾಗುವುದು ಐದೇ ತಂತಿ: 5 ವೋಲ್ಟ್, ಗ್ರೌಂಡ್, ಲ್ಯಾಚ್, ಕ್ಲಾಕ್, ಡೇಟಾ. ಎಂಟು ಬಟನ್ನಿನ ಸುದ್ದಿ ಒಂದೇ ಡೇಟಾ ತಂತಿಯಲ್ಲಿ ಹೇಗೆ ಹೋಗುತ್ತದೆ? ಪೆಟ್ಟಿಗೆ ಲ್ಯಾಚ್ ತಂತಿಯಲ್ಲಿ ಒಂದು ಮಿಡಿತ ಕಳಿಸುತ್ತದೆ. ಆ ಕ್ಷಣಕ್ಕೆ ಯಾವ ಬಟನ್ ಒತ್ತಿದೆ, ಯಾವುದು ಇಲ್ಲ ಎಂಬ ಹಾಜರಿಯನ್ನು ಜಾಯ್‌ಸ್ಟಿಕ್ಕಿನ ಒಳಗಿನ ಚಿಪ್ಪು ಹಿಡಿದಿಟ್ಟುಕೊಳ್ಳುತ್ತದೆ. ಮೂಲ ಯಂತ್ರದಲ್ಲಿ ಅದು 4021 ಎಂಬ ಶಿಫ್ಟ್ ರಿಜಿಸ್ಟರ್. ಆಮೇಲೆ ಕ್ಲಾಕ್ ಒಂದೊಂದು ಸಲ ಮಿಡಿದಾಗ ಒಂದೊಂದು ಬಟನ್ನಿನ ಹಾಜರಿ ಸಾಲಾಗಿ ಹೊರಬರುತ್ತದೆ. ಮೊದಲು ಎ, ಆಮೇಲೆ ಬಿ, ಸೆಲೆಕ್ಟ್, ಸ್ಟಾರ್ಟ್, ಮೇಲೆ, ಕೆಳಗೆ, ಎಡ, ಬಲ. ಪರದೆಯ ಪ್ರತಿ ಚಿತ್ರಕ್ಕೊಮ್ಮೆ, ಅಂದರೆ ಸೆಕೆಂಡಿಗೆ 50 ಅಥವಾ 60 ಸಲ ಈ ಹಾಜರಿ ನಡೆಯುತ್ತದೆ. ನಾವು ತರಗತಿಯಲ್ಲಿ ದಿನಕ್ಕೊಮ್ಮೆ ಹಾಜರಿ ಕರೆಯುವ ರೀತಿಯೇ ಇದು. ಇದನ್ನು ವಿವರಿಸಲು ಇಂಗ್ಲಿಷ್ ಬೇಕಾಯಿತೇ? ನೀವೇ ಹೇಳಿ.

ಈಗ ಪೆನ್ನು ಮಾಡುವ ರೀತಿ. 5 ವೋಲ್ಟಿನ ಮತ್ತು ಗ್ರೌಂಡಿನ ನಡುವೆ 10 ಕಿಲೋಓಮಿನ ಮೂರು ರೆಸಿಸ್ಟರ್ ಸಾಲಾಗಿ ಕಟ್ಟಿದರೆ ವೋಲ್ಟೇಜು ಮೂರು ಸಮಪಾಲಾಗುತ್ತದೆ. ನಡುವಿನ ಎರಡು ಕೂಡುಗಂಟುಗಳಲ್ಲಿ ಸುಮಾರು 1.67 ಮತ್ತು 3.33 ವೋಲ್ಟ್ ಸಿಗುತ್ತದೆ. ಎಲ್‌ಎಂ393 ಎಂಬ ಎಂಟು ಕಾಲಿನ ಚಿಪ್ಪಿನಲ್ಲಿ ಎರಡು ಕಂಪ್ಯಾರೇಟರ್ ಇವೆ, ಅಂದರೆ ಎರಡು ತಕ್ಕಡಿ. ಸೂಜಿಯ ವೋಲ್ಟೇಜು 3.33ಕ್ಕಿಂತ ಮೇಲಿದ್ದರೆ ಒಂದು ತಕ್ಕಡಿ ಕೆಂಪು ದೀಪ ಹಚ್ಚುತ್ತದೆ, 1.67ಕ್ಕಿಂತ ಕೆಳಗಿದ್ದರೆ ಇನ್ನೊಂದು ಹಸಿರು ದೀಪ ಹಚ್ಚುತ್ತದೆ. ದೀಪಗಳಿಗೆ ತಲಾ 1 ಕಿಲೋಓಮ್ ರೆಸಿಸ್ಟರ್ ಸಾಕು. ಸೂಜಿಯಿಂದ 5 ವೋಲ್ಟಿಗೊಂದು, ಗ್ರೌಂಡಿಗೊಂದು 100 ಕಿಲೋಓಮ್ ಕಟ್ಟಿದರೆ, ಯಾವುದಕ್ಕೂ ಮುಟ್ಟದಿರುವ ಸೂಜಿ ನಟ್ಟನಡುವೆ 2.5 ವೋಲ್ಟಿನಲ್ಲಿ ನಿಂತು ಎರಡೂ ದೀಪ ಆರಿರುತ್ತವೆ.

ಇಷ್ಟಕ್ಕೇ ನಿಲ್ಲಿಸಿದರೆ ಪೆನ್ನು ಅರ್ಧ ಸತ್ಯ ಹೇಳುತ್ತದೆ. ಲ್ಯಾಚ್ ಮಿಡಿತ ಇರುವುದು ಕೆಲವೇ ಮೈಕ್ರೋಸೆಕೆಂಡು. ಅಷ್ಟರಲ್ಲಿ ದೀಪ ಹೊತ್ತಿ ಆರಿದ್ದು ಕಣ್ಣಿಗೆ ಕಾಣುವುದಿಲ್ಲ, ಹಸಿರು ಮಾತ್ರ ಸ್ಥಿರವಾಗಿ ಉರಿದಂತೆ ತೋರುತ್ತದೆ. ಅದಕ್ಕಾಗಿ 555 ಟೈಮರ್. 1972ರಲ್ಲಿ ಮಾರುಕಟ್ಟೆಗೆ ಬಂದ ಈ ಚಿಪ್ಪು ಇಂದಿಗೂ ಎಲ್ಲ ಎಲೆಕ್ಟ್ರಾನಿಕ್ಸ್ ಅಂಗಡಿಯಲ್ಲಿ ಸಿಗುತ್ತದೆ. ಕೆಂಪು ದೀಪದ ತಕ್ಕಡಿಯ ಔಟ್‌ಪುಟ್‌ನಿಂದ 1 ನ್ಯಾನೋಫ್ಯಾರಡ್ ಕೆಪಾಸಿಟರ್ ಮೂಲಕ 555ರ ಎರಡನೇ ಕಾಲಿಗೆ ತಂತಿ ಎಳೆಯಬೇಕು. ಕೆಪಾಸಿಟರಿನ ಎರಡೂ ಬದಿಗೆ 5 ವೋಲ್ಟಿನಿಂದ ಒಂದೊಂದು 10 ಕಿಲೋಓಮ್ ಕಟ್ಟಬೇಕು. ಟೈಮರಿಗೆ 1 ಮೆಗಾಓಮ್ ರೆಸಿಸ್ಟರ್, 0.1 ಮೈಕ್ರೋಫ್ಯಾರಡ್ ಕೆಪಾಸಿಟರ್ ಕೊಟ್ಟರೆ ಪ್ರತಿ ಚುರುಕು ಮಿಡಿತವೂ ಸುಮಾರು 0.11 ಸೆಕೆಂಡಿನ ಹಳದಿ ಬೆಳಕಾಗಿ ಹಿಗ್ಗುತ್ತದೆ. ಕಣ್ಣಿಗೆ ಕಾಣದ್ದು ಕಾಣುತ್ತದೆ! ವಿಜ್ಞಾನದ ಉಪಕರಣ ಎಂದರೆ ಏನು ಎಂಬುದಕ್ಕೆ ಇದಕ್ಕಿಂತ ಒಳ್ಳೆಯ ಪಾಠ ಯಾವ ಪುಸ್ತಕದಲ್ಲಿದೆ?

ಎಲ್ಲವನ್ನೂ ಒಂದು ತುಂಡು ಝೀರೋ ಬೋರ್ಡಿನ ಮೇಲೆ ಬೆಸೆದು ಟೂತ್‌ಬ್ರಷ್ ಡಬ್ಬಿಯಲ್ಲಿ ಕೂರಿಸಿದರಾಯಿತು. ಕರೆಂಟನ್ನು ಪರೀಕ್ಷಿಸುವ ಬೋರ್ಡಿನಿಂದಲೇ, ಅದರ 5 ವೋಲ್ಟ್ ಮತ್ತು ಗ್ರೌಂಡಿಗೆ ಕ್ಲಿಪ್ಪು ಹಚ್ಚಿ, ತೆಗೆದುಕೊಳ್ಳಬೇಕು.

ಈಗ ಕೆಟ್ಟ ಜಾಯ್‌ಸ್ಟಿಕ್ ತೆಗೆದುಕೊಳ್ಳಿ. ಆಟ ಶುರು ಮಾಡಿ. ಪೆಟ್ಟಿಗೆಯ ಬದಿಯಲ್ಲಿ ಲ್ಯಾಚ್ ತಂತಿಗೆ ಸೂಜಿ ಇಟ್ಟರೆ ಹಳದಿ ಮಿನುಗುತ್ತದೆ. ಅದೇ ತಂತಿಯ ಜಾಯ್‌ಸ್ಟಿಕ್ ಕಡೆಯ ತುದಿಗೆ ಇಟ್ಟರೆ ಹಳದಿಯೂ ಇಲ್ಲ, ಹಸಿರೂ ಇಲ್ಲ, ಕೆಂಪೂ ಇಲ್ಲ. ಹಾಗಾದರೆ ತಂತಿ ನಡುವೆ ಎಲ್ಲೋ ತುಂಡಾಗಿದೆ. ಬಹಳಷ್ಟು ಸಲ ಅದು ತುಂಡಾಗುವುದು ಕುತ್ತಿಗೆಯ ಹತ್ತಿರ, ಬಗ್ಗಿ ಬಗ್ಗಿ. ಕತ್ತರಿಸಿ ಬೆಸೆದರೆ ಆಟ ಮತ್ತೆ ಜೀವಂತ. ಇಲ್ಲಿ ಮಗು ಕಲಿತದ್ದೇನು? ಸೊನ್ನೆಯೂ ಒಂದು ಉತ್ತರ, ಹಸಿರು ದೀಪ ಉರಿಯುತ್ತದೆ. ಯಾವ ದೀಪವೂ ಉರಿಯದಿದ್ದರೆ ಅದು ಸೊನ್ನೆಯಲ್ಲ, ಸಂಪರ್ಕವೇ ಇಲ್ಲ ಎಂದರ್ಥ. ಈ ವ್ಯತ್ಯಾಸ ಕೈಯಿಂದ ಕಲಿತ ಮಗು ಅದನ್ನು ಸಾಯುವತನಕ ಮರೆಯುವುದಿಲ್ಲ.

"ಆದರೆ ಚಿಪ್ಪಿನ ಮಾಹಿತಿಯೆಲ್ಲ ಇಂಗ್ಲಿಷಿನಲ್ಲಿದೆಯಲ್ಲ" ಎನ್ನುವವರಿಗೆ ನಮ್ಮ ಉತ್ತರ ಇದು. ಇದೆ. ಅದನ್ನು ಓದಲು ಇಂಗ್ಲಿಷ್ ತಾಸಿನಲ್ಲಿ ಕಲಿಸಿ, ಬೇಡ ಎಂದವರಾರು? ಆದರೆ ಗಣಿತ ವಿಜ್ಞಾನವನ್ನು ಮಾತ್ರ ಇಂಗ್ಲಿಷಿಗೆ ಹಾಕಿ ಉಳಿದದ್ದನ್ನು ತಾಯಿನುಡಿಗೆ ಬಿಡುವ 'ಸೆಮಿ ಇಂಗ್ಲಿಷ್' ಎಂಬ ಪದ್ಧತಿ ಮಗುವಿಗೆ ಏನು ಹೇಳುತ್ತದೆ? ನಿನ್ನ ಭಾಷೆ ಕಥೆ ಪದ್ಯಕ್ಕೆ ಸಾಕು, ಯಂತ್ರದ ಹತ್ತಿರ ಬರಬಾರದು ಎಂದು ಹೇಳುತ್ತದೆ. ಪುಣೆಯ ಬಾಲಭಾರತಿ ಕನ್ನಡದಲ್ಲೂ ಪಠ್ಯಪುಸ್ತಕ ಅಚ್ಚು ಮಾಡುತ್ತದೆ. ಸಂವಿಧಾನದ 350ಎ ವಿಧಿ ಭಾಷಾ ಅಲ್ಪಸಂಖ್ಯಾತ ಮಕ್ಕಳಿಗೆ ಪ್ರಾಥಮಿಕ ಹಂತದಲ್ಲಿ ತಾಯಿನುಡಿಯ ಶಿಕ್ಷಣ ಸಿಗಲಿ ಎನ್ನುತ್ತದೆ. ಇಷ್ಟೆಲ್ಲ ಇದ್ದೂ ನಮ್ಮ ಊರಿನವರೇ ಕನ್ನಡವನ್ನು ಪ್ರಯೋಗಶಾಲೆಯ ಹೊಸ್ತಿಲ ಹೊರಗೆ ನಿಲ್ಲಿಸಿದರೆ ಯಾರನ್ನು ದೂರುವುದು?

ಈ ಗೇಮಿನ ಪೆಟ್ಟಿಗೆ ಎಲ್ಲಿಂದ ಬಂತು ನೋಡಿ. ಅದನ್ನು ರೂಪಿಸಿದ ಮಸಾಯುಕಿ ಉಎಮುರಾ ಜಪಾನಿನಲ್ಲೇ ಓದಿದ ಎಂಜಿನಿಯರ್. ಅದೇ ಕಂಪನಿಯ ಗುನ್‌ಪೇ ಯೊಕೊಯಿ 1965ರಲ್ಲಿ ಕೆಲಸಕ್ಕೆ ಸೇರಿದ್ದು ಇಸ್ಪೀಟಿನಂಥ ಎಲೆಗಳನ್ನು ತಯಾರಿಸುವ ಯಂತ್ರಗಳ ದುರಸ್ತಿ ನೋಡಿಕೊಳ್ಳಲು. ಬಿಡುವಿನಲ್ಲಿ ತನ್ನ ಖುಷಿಗೆಂದು ಮಾಡಿದ ಚಾಚುವ ಕೈಯ ಆಟಿಕೆಯನ್ನು ಕಂಪನಿ 1966ರಲ್ಲಿ ಮಾರಾಟಕ್ಕೆ ತಂದಿತು. ಮುಂದೆ ಇಂದಿನ ಜಾಯ್‌ಸ್ಟಿಕ್‌ಗಳಲ್ಲೂ ಇರುವ ಕೂಡುಗುರುತಿನ ಆಕಾರದ ಬಟನ್ ಬಂದದ್ದೂ ಆತನ ಕೈಯಿಂದ. ದುರಸ್ತಿಯವನು ನಿರ್ಮಾತೃವಾದ!

ಅಷ್ಟು ದೂರ ಯಾಕೆ, ನಮ್ಮ ಮಿರಜಕ್ಕೇ ಬನ್ನಿ. ಇಲ್ಲಿಯ ಸಿತಾರ ತಂಬೂರಿಗೆ 2024ರಲ್ಲಿ ಭೌಗೋಳಿಕ ಗುರುತು ಸಿಕ್ಕಿತು. ಆ ಕಸುಬು ಶುರುವಾದದ್ದು ಹತ್ತೊಂಬತ್ತನೇ ಶತಮಾನದಲ್ಲಿ, ಕತ್ತಿ ಸಾಣೆ ಹಿಡಿಯುತ್ತಿದ್ದ ಶಿಕಲಗಾರ ಮನೆತನದವರಿಂದ. ಕತ್ತಿಯ ಕಾಲ ಮುಗಿದಾಗ ಅವರು ವಾದ್ಯ ರಿಪೇರಿಗೆ ಕೈಹಾಕಿದರು, ರಿಪೇರಿ ಮಾಡುತ್ತಲೇ ತಯಾರಿಕೆ ಕಲಿತರು. ಇನ್ನು ನಮ್ಮದೇ ಸಾಂಗಲಿ ಜಿಲ್ಲೆಯ ಕಿರ್ಲೋಸ್ಕರವಾಡಿ. 1910ರಲ್ಲಿ ಅದನ್ನು ಕಟ್ಟಿದ ಲಕ್ಷ್ಮಣರಾವ್ ಕಿರ್ಲೋಸ್ಕರ್ ಹುಟ್ಟಿದ್ದು ಬೆಳಗಾವಿ ಜಿಲ್ಲೆಯ ಗುರ್ಲಹೊಸೂರಿನಲ್ಲಿ, ಉದ್ಯಮ ಶುರು ಮಾಡಿದ್ದು ಬೆಳಗಾವಿಯ ಸೈಕಲ್ ಅಂಗಡಿಯಲ್ಲಿ. ಸೈಕಲ್ಲಿನಿಂದ ನೇಗಿಲು, ನೇಗಿಲಿನಿಂದ ಕಾರ್ಖಾನೆ. ಬಿಚ್ಚಿ ನೋಡುವ ಕೈಗೆ ಗಡಿಯೂ ಅಡ್ಡ ಬರಲಿಲ್ಲ, ಭಾಷೆಯೂ ಅಡ್ಡ ಬರಲಿಲ್ಲ.

ಇವತ್ತು ಮಾತ್ರ ಶಾಲೆಯಲ್ಲಿ ಬಿಚ್ಚುವುದು ಅಪರಾಧ. ಕೆಟ್ಟ ಕಂಪ್ಯೂಟರು, ಕೆಟ್ಟ ಟಿವಿ ಎಲ್ಲ ಸ್ಟಾಕ್ ರಿಜಿಸ್ಟರಿನಲ್ಲಿ 'ಇದೆ' ಎಂದು ಬರೆಸಿಕೊಂಡು ಕಪಾಟಿನಲ್ಲಿ ಕೊಳೆಯಬೇಕು. ಮುಟ್ಟಿದರೆ ಕಾರಣ ಕೇಳಿ ಕಾಗದ ಬರುತ್ತದೆ. 2016ರಲ್ಲಿ ಶುರುವಾದ ಅಟಲ್ ಟಿಂಕರಿಂಗ್ ಲ್ಯಾಬ್ ಯೋಜನೆಯಲ್ಲಿ ಒಂದು ಶಾಲೆಗೆ 20 ಲಕ್ಷ ರೂಪಾಯಿವರೆಗೆ ನೆರವು. ಒಳ್ಳೆಯದೇ. ಆದರೆ ಎರಡು ಕೋಣೆಯ ಗಡಿಶಾಲೆ ಅಷ್ಟು ದೊಡ್ಡ ಕನಸು ಬರುವತನಕ ಕಾಯಬೇಕೇ? 2020ರ ರಾಷ್ಟ್ರೀಯ ಶಿಕ್ಷಣ ನೀತಿ ಆರರಿಂದ ಎಂಟನೇ ಇಯತ್ತೆಯ ಮಕ್ಕಳಿಗೆ ಹತ್ತು ದಿನ ಚೀಲವಿಲ್ಲದೆ ಸ್ಥಳೀಯ ಕುಶಲಕರ್ಮಿಗಳ ಬಳಿ ಕಲಿಯಲು ಹೇಳಿದೆ. ಆ ಹತ್ತು ದಿನವನ್ನು ಮಿರಜದ ವಾದ್ಯದ ಗಲ್ಲಿಯಲ್ಲಿ, ಸಾಂಗಲಿಯ ರೇಡಿಯೋ ಮೊಬೈಲ್ ರಿಪೇರಿ ಅಂಗಡಿಗಳಲ್ಲಿ ಕಳೆಯಲು ಯಾವ ಲಕ್ಷ ಬೇಕು?

ಅಪಾಯ ಆದರೆ? ನ್ಯಾಯವಾದ ಪ್ರಶ್ನೆ. ಕಟ್ಟುನಿಟ್ಟು ಇರಲೇಬೇಕು. ಮಕ್ಕಳು ಮುಟ್ಟುವುದು 5 ವೋಲ್ಟಿನ ಬೋರ್ಡು ಮಾತ್ರ. 230 ವೋಲ್ಟಿನ ಅಡಾಪ್ಟರ್ ಬಿಚ್ಚುವಂತಿಲ್ಲ. ಹಳೇ ಪಿಕ್ಚರ್ ಟ್ಯೂಬಿನ ಟಿವಿಯ ಹತ್ತಿರವೂ ಹೋಗುವಂತಿಲ್ಲ, ಅದರೊಳಗೆ ಸಾವಿರಾರು ವೋಲ್ಟ್ ಇರುತ್ತದೆ. ಮೇಲೆ ಹೇಳಿದ ಪರೀಕ್ಷೆಗೆ ಟಿವಿ ಬೇಕಾಗುವುದೂ ಇಲ್ಲ. ಬೆಸುಗೆ ಹಾಕುವಾಗ ಮಾಸ್ತರು ಪಕ್ಕದಲ್ಲಿರಬೇಕು, ಕಿಟಕಿ ತೆರೆದಿರಬೇಕು, ಸೀಸವಿರುವ ತಂತಿ ಮುಟ್ಟಿದ ಮೇಲೆ ಕೈ ತೊಳೆಯಬೇಕು. ಒಲೆಯ ಮುಂದೆ ರೊಟ್ಟಿ ಬಡಿಯುವ ನಮ್ಮ ಹುಡುಗಿಯರಿಗೆ ಇದಕ್ಕಿಂತ ಹೆಚ್ಚಿನ ಬಿಸಿ ಗೊತ್ತು.

ಕೊನೆಗೆ ನಮ್ಮ ಕನ್ನಡಪರ ಹಿರಿಯರಿಗೆ ಒಂದು ಮಾತು. ನವೆಂಬರಿನಲ್ಲಿ ನೀವು ಬರುತ್ತೀರಿ, ಗಡಿನಾಡ ಶಿಕ್ಷಕರಿಗೆ ಶಾಲು ಹೊದಿಸುತ್ತೀರಿ, ಹಾರ ಹಾಕುತ್ತೀರಿ. ಪ್ರೀತಿಗೆ ನಾವು ಋಣಿ. ಆದರೆ ಮುಂದಿನ ಸಲ ಆ ದುಡ್ಡಿನಲ್ಲಿ ಜತ್ತ, ಅಕ್ಕಲಕೋಟೆಯ ಒಂದೊಂದು ಕನ್ನಡ ಶಾಲೆಗೆ ಒಂದೊಂದು ಪೆಟ್ಟಿಗೆ ಕೊಡಿ: ಎರಡು ಸೋಲ್ಡರಿಂಗ್ ಐರನ್, ಒಂದು ಮಲ್ಟಿಮೀಟರ್, ಒಂದು ಮುಷ್ಟಿ ರೆಸಿಸ್ಟರ್, ಹತ್ತು ಎಲ್‌ಎಂ393, ಹತ್ತು 555, ಎಲ್‌ಇಡಿ, ಮತ್ತು ಭಂಗಾರದಿಂದ ತಂದ ನಾಲ್ಕು ಸತ್ತ ವಿಡಿಯೋ ಗೇಮು. ಜೊತೆಗೆ ಕನ್ನಡದಲ್ಲಿ ಬರೆದ ನಾಲ್ಕು ಪುಟದ ವಿವರಣೆ. ಬರೆದುಕೊಡಲು ನಾವು ತಯಾರಿದ್ದೇವೆ. ಶನಿವಾರದ ಒಂದು ತಾಸು ಅದಕ್ಕೆ ಮೀಸಲಿಡಲು ಮುಖ್ಯಾಧ್ಯಾಪಕರು ತಯಾರಾಗಲಿ.

ಆಗ ಜೂನ್ ತಿಂಗಳಲ್ಲಿ ಬರುವ ಅಪ್ಪ ಅವ್ವಂದಿರಿಗೆ ನಾವು ಉತ್ತರ ಹುಡುಕಬೇಕಾಗಿಲ್ಲ. ಏಳನೇ ಇಯತ್ತೆಯ ಹುಡುಗಿಯೊಬ್ಬಳನ್ನು ಕರೆದು, "ತಂಗಿ, ಇವರಿಗೆ ಸೊನ್ನೆಗೂ ಸಂಪರ್ಕವಿಲ್ಲದ್ದಕ್ಕೂ ಏನು ಫರಕು ಅಂತ ತೋರಿಸು" ಎಂದರೆ ಸಾಕು. ಅವಳು ತೋರಿಸುತ್ತಾಳೆ, ಕನ್ನಡದಲ್ಲೇ.