ಪಟ್ಟಿಯೂ ಜನರುಚಿಯೂ

ಕ್ರಿಸ್‌ಮಸ್ ವಾರದಲ್ಲಿ ಯಾವ ಹಾಡು ಎಲ್ಲಕ್ಕಿಂತ ಹೆಚ್ಚಾಗಿ ಮಾರಾಟವಾಯಿತೆಂಬುದನ್ನು ಲೆಕ್ಕವಿಟ್ಟು ಸಾರುವುದು ಬ್ರಿಟನ್ನಿನಲ್ಲಿ ಬಹುಕಾಲದಿಂದ ನಡೆದುಬಂದ ವಾಡಿಕೆ. ಡಿಸೆಂಬರು ಬಂದೊಡನೆ ಪತ್ರಿಕೆಗಳು ಹಳೆಯ ಪಟ್ಟಿಗಳನ್ನು ಹೊರತೆಗೆದು, ಇಂಥ ವರ್ಷ ಇಂಥ ಹಾಡು ಜನರ ಹೃದಯವನ್ನು ಗೆದ್ದಿತ್ತೆಂದು ತೀರ್ಪು ಕೊಡುವುವು, ಓದುವವರು ತಲೆದೂಗುವರು. ಆದರೆ ಮಾರಾಟದ ಲೆಕ್ಕವನ್ನು ಜನರುಚಿಯ ಚರಿತ್ರೆಯೆಂದು ತಿಳಿಯುವುದು ಶುದ್ಧ ಭ್ರಾಂತಿ.

ಪಟ್ಟಿಯ ಹುಟ್ಟನ್ನೇ ನೋಡಬಹುದು. 1952ನೆಯ ನವೆಂಬರ್ 14ರಂದು ‘ನ್ಯೂ ಮ್ಯೂಸಿಕಲ್ ಎಕ್ಸ್‌ಪ್ರೆಸ್’ ಎಂಬ ಪತ್ರಿಕೆಯು ಮೊದಲನೆಯ ಪಟ್ಟಿಯನ್ನು ಅಚ್ಚುಹಾಕಿತು. ಆ ಪತ್ರಿಕೆಯ ಪರ್ಸಿ ಡಿಕಿನ್ಸ್ ಎಂಬವರು ಸುಮಾರು 20 ಅಂಗಡಿಗಳನ್ನು ಟೆಲಿಫೋನಿನಲ್ಲಿ ವಿಚಾರಿಸಿ ಸಿದ್ಧಪಡಿಸಿದ ಲೆಕ್ಕವದು. ಅಲ್ ಮಾರ್ಟಿನೊ ಎಂಬ ಅಮೆರಿಕದ ಗಾಯಕನ ಹಾಡು 9 ವಾರ ಅಗ್ರಸ್ಥಾನದಲ್ಲಿದ್ದು ಆ ವರ್ಷದ ಕ್ರಿಸ್‌ಮಸ್ಸಿಗೂ ಮೊದಲನೆಯದಾಯಿತು. ಇಪ್ಪತ್ತು ಅಂಗಡಿಗಳ ಮಾತು ಒಂದು ರಾಷ್ಟ್ರದ ಮಾತಾದೀತೆ? ಗ್ರಾಮಫೋನು ಕೊಳ್ಳಲಾರದವರ ಮನೆಗಳಲ್ಲಿ, ಚರ್ಚುಗಳಲ್ಲಿ, ಬೀದಿಯ ಮೂಲೆಯಲ್ಲಿ ಕಾಸಿಲ್ಲದೆ ಹಾಡಿದ ಭಕ್ತಿಗೀತಗಳನ್ನು ಎಣಿಸಿದವರಾರು?

ಮುಂದೆ ಅಂಗಡಿಗಳ ಸಂಖ್ಯೆ ಬೆಳೆಯಿತು, ಲೆಕ್ಕ ಬಿಗಿಯಾಯಿತು. ಆದರೂ ದೋಷ ಹೋಗಲಿಲ್ಲ. ಏಕೆಂದರೆ ಕೊಂಡವನ ಉದ್ದೇಶವನ್ನು ಲೆಕ್ಕವು ತಿಳಿಯದು. 1984ರಲ್ಲಿ ಇಥಿಯೋಪಿಯದ ಕ್ಷಾಮಪೀಡಿತರಿಗಾಗಿ ಬಾಬ್ ಗೆಲ್ಡಾಫ್, ಮಿಜ್ ಯೂರ್ ಇವರು ರಚಿಸಿ, ‘ಬ್ಯಾಂಡ್ ಏಯ್ಡ್’ ಎಂಬ ಹೆಸರಿನಲ್ಲಿ ಹಲವು ಗಾಯಕರು ಕೂಡಿ ಹಾಡಿದ ಗೀತವು ಮೊದಲನೆಯ ಸ್ಥಾನಕ್ಕೆ ಬಂದಿತು. ಅದನ್ನು ಕೊಂಡವರಲ್ಲಿ ಎಷ್ಟೋ ಜನ ಹಾಡಿಗಲ್ಲ, ಹಸಿದವರಿಗೆ ಹಣ ಕೊಟ್ಟರು. ಅದು ಶ್ಲಾಘ್ಯವಾದ ಧರ್ಮ, ಸಂಗೀತವಿಮರ್ಶೆಯಲ್ಲ.

2009ರ ಪ್ರಸಂಗವು ಇನ್ನೂ ವಿಚಿತ್ರವಾದುದು. ‘ದಿ ಎಕ್ಸ್ ಫ್ಯಾಕ್ಟರ್’ ಎಂಬ ದೂರದರ್ಶನದ ಸ್ಪರ್ಧೆಯಲ್ಲಿ ಗೆದ್ದವರ ಹಾಡೇ 2005ರಿಂದ 2008ರವರೆಗೆ ನಾಲ್ಕು ಕ್ರಿಸ್‌ಮಸ್ಸುಗಳಲ್ಲಿ ಅಗ್ರಸ್ಥಾನವನ್ನು ಪಡೆದಿತ್ತು. ಇದರಿಂದ ಬೇಸತ್ತ ದಂಪತಿಗಳು ಫೇಸ್‌ಬುಕ್ಕಿನಲ್ಲಿ ಜನರನ್ನು ಕೂಡಿಸಿ, ‘ರೇಜ್ ಅಗೆನ್ಸ್ಟ್ ದ ಮಷೀನ್’ ತಂಡದ 1992ರ ಒಂದು ರೋಷದ ಹಾಡನ್ನು ಕೊಳ್ಳಿರೆಂದು ಕರೆಕೊಟ್ಟರು. ಅದು ಸುಮಾರು 5 ಲಕ್ಷ ಪ್ರತಿ ಮಾರಾಟವಾಗಿ, ಸುಮಾರು 4.5 ಲಕ್ಷ ಮಾರಾಟವಾದ ಸ್ಪರ್ಧಾವಿಜೇತನ ಹಾಡನ್ನು ಸೋಲಿಸಿತು. ಜನಶಕ್ತಿಗೆ ಜಯವಾಯಿತೆಂದು ಕೇಕೆ ಹಾಕಿದವರು ಒಂದು ಮಾತನ್ನು ಮರೆತರು: ಎರಡು ಹಾಡುಗಳೂ ಸೋನಿ ಎಂಬ ಒಂದೇ ಕಂಪೆನಿಯ ಆಶ್ರಯದಲ್ಲಿದ್ದ ಸಂಸ್ಥೆಗಳವು. ಗೆದ್ದವರ ಹಣವೂ ಸೋತವರ ಹಣವೂ ಒಂದೇ ಪೆಟ್ಟಿಗೆಗೆ ಬಿದ್ದಿತು.

ಉದ್ದೇಶವಂತಿರಲಿ, ಎಣಿಸುವ ಕ್ರಮವಾದರೂ ಸ್ಥಿರವಾಗಿದೆಯೆ? ‘ವ್ಯಾಮ್’ ಜೋಡಿಯ ‘ಲಾಸ್ಟ್ ಕ್ರಿಸ್‌ಮಸ್’ ಎಂಬ ಹಾಡು 1984ರಲ್ಲಿ ಎರಡನೆಯದಾಗಿ ನಿಂತಿತು. ಅದು ಅಗ್ರಸ್ಥಾನವನ್ನು ಕಂಡುದು 2021ರ ಜನವರಿಯಲ್ಲಿ. ಕ್ರಿಸ್‌ಮಸ್ ವಾರದಲ್ಲೇ ಮೊದಲನೆಯದಾದುದು 2023ರಲ್ಲಿ. ಅಷ್ಟರಲ್ಲಿ ಅದನ್ನು ಬರೆದು ಹಾಡಿದ ಜಾರ್ಜ್ ಮೈಕೆಲ್ 2016ರ ಕ್ರಿಸ್‌ಮಸ್ ದಿನದಂದೇ ತೀರಿಕೊಂಡಿದ್ದರು. ಹಾಡಿನ ಒಂದು ಸ್ವರವೂ ಬದಲಾಗಿರಲಿಲ್ಲ; ಬದಲಾದುದು ನಿಯಮ. ಮೊದಲು ಕೊಂಡವನನ್ನು ಒಂದೇ ಸಲ ಎಣಿಸುತ್ತಿದ್ದರು; 2014ರ ಜುಲೈಯಿಂದ ಅಂತರ್ಜಾಲದಲ್ಲಿ ಕೇಳಿದ್ದನ್ನೂ ಎಣಿಸತೊಡಗಿ, 100 ಸಲ ಕೇಳಿದರೆ ಒಂದು ಪ್ರತಿ ಕೊಂಡಂತೆ ಎಂದು ಗೊತ್ತುಮಾಡಿದರು. ಅಮೆರಿಕದಲ್ಲಿಯೂ ಇದೇ ಕಥೆ. 1994ರಲ್ಲಿ ಮರಾಯ ಕ್ಯಾರಿಯವರ ಪ್ರಸಿದ್ಧ ಕ್ರಿಸ್‌ಮಸ್ ಗೀತವನ್ನು ಅಲ್ಲಿ ಬಿಡಿಯಾಗಿ ಮಾರಲಿಲ್ಲವಾದ್ದರಿಂದ, ಅಂದಿನ ನಿಯಮದಂತೆ ಅದಕ್ಕೆ ಬಿಲ್‌ಬೋರ್ಡ್ ಪತ್ರಿಕೆಯ ಮುಖ್ಯ ಪಟ್ಟಿಯಲ್ಲಿ ಪ್ರವೇಶವೇ ಇರಲಿಲ್ಲ. 2019ರಲ್ಲಿ ಅದೇ ಹಾಡು ಅಲ್ಲಿ ಅಗ್ರಸ್ಥಾನಕ್ಕೇರಿತು. ಪಟ್ಟಿಯೊಂದನ್ನೇ ನಂಬಿ 1994ರ ಚರಿತ್ರೆಯನ್ನು ಬರೆಯುವವನು, ಆ ವರ್ಷ ಅಂಥ ಹಾಡೇ ಇರಲಿಲ್ಲವೆಂದು ಬರೆದಾನು!

ವಿಮರ್ಶಕನೊಬ್ಬನ ಸ್ವಂತ ಒಲವಿಗಿಂತ ಲಕ್ಷಾಂತರ ಜನರ ಲೆಕ್ಕವೇ ಮೇಲಲ್ಲವೆ ಎಂದು ಕೆಲವರು ಆಕ್ಷೇಪಿಸಬಹುದು. ಇದರಲ್ಲಿ ಸತ್ಯಾಂಶವಿಲ್ಲದಿಲ್ಲ. ವಿಮರ್ಶಕನ ಪಕ್ಷಪಾತವನ್ನು ಲೆಕ್ಕವು ತಡೆಯಬಲ್ಲುದು. ಆದರೆ ವಿಮರ್ಶಕನು ತನ್ನ ಕಾರಣಗಳನ್ನು ಹೇಳುತ್ತಾನೆ. ಓದುಗನು ಅವುಗಳೊಡನೆ ವಾದಿಸಬಹುದು. ಪಟ್ಟಿಯೋ ಸಂಖ್ಯೆಯನ್ನು ಮುಂದಿಟ್ಟು ಮೌನವಾಗಿರುತ್ತದೆ. ಆ ಮೌನವೇ ಪ್ರಮಾಣವೆಂಬಂತೆ ತೋರುತ್ತದೆ. ಅಪಾಯವಿರುವುದು ಇಲ್ಲಿಯೇ. ಮಾರಾಟವಾದುದೇ ಪ್ರಿಯವಾದುದು, ಪ್ರಿಯವಾದುದೇ ಉತ್ತಮವಾದುದು ಎಂಬ ಅಭ್ಯಾಸ ಬೇರೂರಿದರೆ, ಮುಂದಿನ ತಲೆಯವರು ತಮ್ಮ ಕಿವಿಯನ್ನು ನಂಬುವುದನ್ನೇ ಬಿಟ್ಟಾರು.

ಪಟ್ಟಿಗಳನ್ನು ಸುಡಬೇಕಾಗಿಲ್ಲ. ವ್ಯಾಪಾರಿಗೆ ಅವು ಬೇಕು. ಚರಿತ್ರಕಾರನಿಗೂ ಅವು ಒಂದು ಸಾಕ್ಷ್ಯ. ಆದರೆ ಹಳೆಯ ಪಟ್ಟಿಯನ್ನು ಮತ್ತೆ ಅಚ್ಚುಹಾಕುವ ಪತ್ರಿಕೆಯು ಏನನ್ನು ಎಣಿಸಿದರು, ಎಲ್ಲಿ ಎಣಿಸಿದರು, ಯಾವ ನಿಯಮದಿಂದ ಎಣಿಸಿದರು ಎಂಬ ಮೂರು ಮಾತುಗಳನ್ನು ಪಕ್ಕದಲ್ಲಿ ಅಚ್ಚುಹಾಕಲಿ. ಸಾಕ್ಷಿಯನ್ನು ಪ್ರಶ್ನಿಸದೆ ತೀರ್ಪು ಕೊಡುವುದು ಯಾವ ನ್ಯಾಯಸ್ಥಾನದಲ್ಲಿಯೂ ಇಲ್ಲ. ಸಂಗೀತಕ್ಕೆ ಮಾತ್ರ ಅಂಥ ಅನ್ಯಾಯವೇಕೆ?