ರೊಕ್ಕ ಬರಾಕ ಪಿನ್ ಬೇಕಾಗಿಲ್ಲ ಕಾಕಾ!

ಅಕ್ಟೋಬರ್ ಚಾಟ್ನಿ ಮುಗಿದ ಮೇಲೆ ತಿಕೋಟಾ ಕಡೆ ದ್ರಾಕ್ಷಿ ಬೆಳೆಗಾರರಿಗೆ ಪುರುಸೊತ್ತೇ ಇರುವುದಿಲ್ಲ. ಮಂಜು ಬಿದ್ದರೂ ಔಷಧ, ಮೋಡ ಕವಿದರೂ ಔಷಧ. ಅಂಥ ಹೊತ್ತಿನಲ್ಲೇ ನಮ್ಮ ಕಾಕಾನ ಬ್ಯಾಟರಿ ಪಂಪು ಕೈಕೊಟ್ಟಿತು. ವಿಜಯಪುರಕ್ಕೆ ಬಂದು ಹೊಸದು ತರಲು ಅರ್ಧ ದಿನ ಹೋಗುತ್ತದೆ. ರಾತ್ರಿ ಊಟ ಮುಗಿಸಿ ಫೇಸ್‌ಬುಕ್ ನೋಡುವಾಗ ಜಾಹೀರಾತು ಕಂಡಿತು. ಅರ್ಧ ಬೆಲೆ, ಬರೀ 1,499 ರೂಪಾಯಿ, ಕ್ಯಾಶ್ ಆನ್ ಡೆಲಿವರಿ.

"ರೊಕ್ಕ ಮೊದಲ ಕೊಡೂದಿಲ್ಲಲಾ, ಮೋಸ ಹೆಂಗ ಆಗತೈತಿ?" ಅನ್ನೋದು ಕಾಕಾನ ಲೆಕ್ಕ.

ಪಾರ್ಸೆಲ್ ಬಂತು. ದುಡ್ಡು ಕೊಟ್ಟು, ಹುಡುಗ ಗಾಡಿ ತಿರುಗಿಸಿಕೊಂಡು ಹೋದ ಮೇಲೆ ಬಿಚ್ಚಿ ನೋಡಿದರೆ ಒಳಗೆ ಹೂವಿನ ಕುಂಡಕ್ಕೆ ನೀರು ಚಿಮುಕಿಸುವ ಪ್ಲಾಸ್ಟಿಕ್ ಬಾಟಲಿ! ಇಲ್ಲಿಗೇ ನಿಂತಿದ್ದರೆ 1,499ಕ್ಕೆ ಮುಗಿಯುತ್ತಿತ್ತು. ಕಾಕಾ ಗೂಗಲ್‌ನಲ್ಲಿ ಕಸ್ಟಮರ್ ಕೇರ್ ನಂಬರ್ ಹುಡುಕಿದ. ಮೇಲೆ ಕಂಡ ನಂಬರಿಗೆ ಫೋನ್ ಹಚ್ಚಿದ. ಆ ಕಡೆಯವನು ಭಾಳ ಮರ್ಯಾದೆಯಿಂದ ಹಿಂದಿಯಲ್ಲಿ ಮಾತಾಡಿದ. "ರಿಫಂಡ್ ಈಗಲೇ ಹಾಕ್ತೀವಿ, ಯುಪಿಐ ಆ್ಯಪ್ ತೆಗೀರಿ. ಈ ಖಾನೆಯಲ್ಲಿ ರಿಫಂಡ್ ಕೋಡ್ 24650 ಹಾಕಿ, ಆಮೇಲೆ ಪಿನ್ ಒತ್ತಿ" ಎಂದ.

ಅದು ಕೋಡ್ ಆಗಿರಲಿಲ್ಲ, ಮೊತ್ತವಾಗಿತ್ತು. 1,499 ರೂಪಾಯಿಯ ನಷ್ಟ ಎರಡೇ ನಿಮಿಷದಲ್ಲಿ 26,149 ಆಯಿತು.

ಕಾಕಾ ಇದನ್ನು ಯಾರಿಗೂ ಹೇಳಲಿಲ್ಲ. ಮೂರನೇ ದಿನ ಕಾಕಿ ನನಗೆ ಫೋನ್ ಮಾಡಿದಳು. "ನಿಮ್ಮ ಕಾಕಾ ಸರಿಯಾಗಿ ಉಣವಲ್ರು, ಮಾತಾಡವಲ್ರು. ನೀನರ ಕೇಳ ಯವ್ವಾ." ನಾನು ಕೇಳಿದಾಗ ಕಾಕಾ ಹೇಳಿದ್ದು ಇಷ್ಟೇ: "ನಿಮ್ಮಪ್ಪಗ ಹೇಳಬ್ಯಾಡ. ಮಂದಿ ನಗತಾರ."

ತಕ್ಷಣ 1930ಕ್ಕೆ ಫೋನ್ ಮಾಡಿಸಿದೆ. ದೂರು ದಾಖಲಾಯಿತು, ಬ್ಯಾಂಕಿಗೂ ಬರೆದುಕೊಟ್ಟೆವು. ಆದರೆ ಅಷ್ಟೊತ್ತಿಗೆ ದುಡ್ಡು ಒಂದು ಖಾತೆಯಿಂದ ಇನ್ನೊಂದಕ್ಕೆ ಹಾರಿತ್ತು. ತಡೆಹಿಡಿಯಲು ಸಿಕ್ಕಿದ್ದು 3,200 ರೂಪಾಯಿ ಮಾತ್ರ. ಉಳಿದದ್ದರ ದಾರಿ ಇನ್ನೂ ಕಾಯುತ್ತಿದ್ದೇವೆ.

ನನ್ನ ಹೊಟ್ಟೆಗೆ ಬೆಂಕಿ ಹಚ್ಚಿದ್ದು ಆ ಮೋಸಗಾರನಿಗಿಂತ ಆ ಮೂರು ದಿನದ ಮೌನ. ಇಂಥದ್ದರಲ್ಲಿ ಮೊದಲ ಒಂದೆರಡು ತಾಸು ಬಂಗಾರದಂಥವು. ಬೇಗ ಹೇಳಿದರೆ ದುಡ್ಡು ಮುಂದೆ ಹೋಗುವ ಮೊದಲೇ ಆ ಖಾತೆಯಲ್ಲಿ ತಡೆಯುವ ಅವಕಾಶ ಇರುತ್ತದೆ. ಕಾಕಾಗೆ ಅಡ್ಡ ಬಂದದ್ದು ತಿಳಿವಳಿಕೆಯ ಕೊರತೆಯಲ್ಲ, ನಾಚಿಕೆ.

"ಹಳ್ಳಿ ಮಂದಿ, ಅವರಿಗೇನ್ ಗೊತ್ತಾಗತ್ತೆ" ಅಂತ ಅನ್ನಬೇಡಿ. ಬಬಲೇಶ್ವರದಿಂದ ದಿನಾ ವಿಜಯಪುರಕ್ಕೆ ಬಸ್ಸಿನಲ್ಲಿ ಓಡಾಡುವ ನನ್ನ ಗೆಳತಿ ಎಂ.ಕಾಂ. ಓದಿದವಳು. "ನಿಮ್ಮ ಪಾರ್ಸೆಲ್ ವಿಳಾಸ ಅಪೂರ್ಣ, 12 ತಾಸಿನೊಳಗೆ ಸರಿಪಡಿಸಿ" ಅಂತ ಅಂಚೆ ಇಲಾಖೆಯ ಹೆಸರಲ್ಲಿ ಬಂದ ಮೆಸೇಜಿನ ಲಿಂಕ್ ಒತ್ತಿಬಿಟ್ಟಿದ್ದಳು. ಅವಳು ನಿಜವಾಗಿಯೂ ಒಂದು ಕುರ್ತಾ ತರಿಸಿದ್ದಳಲ್ಲ, ಅನುಮಾನ ಹೇಗೆ ಬರಬೇಕು? "ಬರೀ 25 ರೂಪಾಯಿ ಕಟ್ಟಿ" ಅಂತ ಕಾರ್ಡ್ ನಂಬರ್, ಹಿಂದಿನ ಮೂರಂಕಿ ಎಲ್ಲಾ ಕೇಳಿದಾಗ ಎಚ್ಚರಾಯಿತು. ಅವರಿಗೆ ಬೇಕಾಗಿದ್ದದ್ದು ಆ 25 ರೂಪಾಯಿ ಅಲ್ಲ, ಕಾರ್ಡಿನ ವಿವರ.

ಹಾಗಾಗಿ ನಮ್ಮ ಮನೆಯಲ್ಲಿ ಈಗ ಕೆಲವು ನಿಯಮ ಮಾಡಿಕೊಂಡಿದ್ದೇವೆ. ನಿಮಗೂ ಉಪಯೋಗ ಆಗಬಹುದು.

ದುಡ್ಡು ಬರಲು ಪಿನ್ ಬೇಡ. ಕ್ಯೂಆರ್ ಸ್ಕ್ಯಾನ್ ಮಾಡುವುದೂ ಬೇಡ. ಪಿನ್ ಒತ್ತಿದಿರಿ ಅಂದರೆ ದುಡ್ಡು ಹೋಗುತ್ತಿದೆ ಅಂತಲೇ ಅರ್ಥ. ಇದೊಂದನ್ನು ಅಪ್ಪ-ಅವ್ವನಿಗೆ ಹತ್ತು ಸಲ ಹೇಳಿ.

ಕಸ್ಟಮರ್ ಕೇರ್ ನಂಬರನ್ನು ಗೂಗಲ್‌ನಲ್ಲಿ ಹುಡುಕಬೇಡಿ. ಆರ್ಡರ್ ಮಾಡಿದ ಆ್ಯಪಿನೊಳಗೇ ಸಹಾಯದ ಜಾಗ ಇರುತ್ತದೆ, ಅಲ್ಲಿಂದಲೇ ಮಾತಾಡಿ. ಸ್ಕ್ರೀನ್ ಕಾಣುವಂತೆ ಮಾಡುವ ಆ್ಯಪ್ ಹಾಕಿಕೊಳ್ಳಿ ಅಂದರೆ ಫೋನ್ ಇಟ್ಟುಬಿಡಿ.

ಗೊತ್ತಿಲ್ಲದ ವೆಬ್‌ಸೈಟಿನಲ್ಲಿ ಬೀಗದ ಚಿತ್ರ ಇದೆ ಅಂತ ನಂಬಬೇಡಿ. ನೀವು ಕಳಿಸುವ ಮಾಹಿತಿ ದಾರಿಯಲ್ಲಿ ಬೇರೆಯವರ ಕೈಗೆ ಸಿಗದು ಅನ್ನುವುದಷ್ಟೇ ಅದರ ಅರ್ಥ. ಅಂಗಡಿಯವನು ಪ್ರಾಮಾಣಿಕ ಅಂತಲ್ಲ. 2020ರ ಇ-ಕಾಮರ್ಸ್ ನಿಯಮಗಳ ಪ್ರಕಾರ ಸಂಸ್ಥೆಯ ಹೆಸರು, ವಿಳಾಸ, ದೂರು ಕೇಳುವ ಅಧಿಕಾರಿಯ ವಿವರ ಅಲ್ಲಿ ಕಾಣುವಂತಿರಬೇಕು. ಬರೀ ವಾಟ್ಸಾಪ್ ನಂಬರ್ ಇದ್ದರೆ ಮುಂದೆ ಹೋಗಿ.

ಪಾರ್ಸೆಲ್ ಬಿಚ್ಚುವಾಗ ವಿಡಿಯೊ ಮಾಡಿ. ಮೇಲಿನ ಚೀಟಿಯಿಂದ ಶುರುವಾಗಿ ಒಳಗಿನ ಸಾಮಾನಿನವರೆಗೆ ಒಂದೇ ಓಟದಲ್ಲಿರಲಿ. ಮತ್ತೆ, ಆನ್‌ಲೈನ್ ಖರೀದಿಗೆ ಒಂದು ಸಣ್ಣ ಖಾತೆ ಬೇರೆ ಇಟ್ಟುಬಿಡಿ. ಸಂಬಳದ ಖಾತೆ, ಬೆಳೆಯ ದುಡ್ಡಿನ ಖಾತೆ ಯುಪಿಐಗೆ ಜೋಡಿಸದಿದ್ದರೆ ಹೋದರೂ ಸ್ವಲ್ಪದರಲ್ಲಿ ಹೋಗುತ್ತದೆ.

ದುಡ್ಡು ಹೋದರೆ ಮೊದಲು 1930, ಜೊತೆಗೇ ನಿಮ್ಮ ಬ್ಯಾಂಕು. ಸಾಮಾನು ಕೆಟ್ಟದ್ದು ಬಂತು, ವಾಪಸ್ ತಗೊಳ್ಳುತ್ತಿಲ್ಲ ಅನ್ನುವ ತಕರಾರಿಗೆ ರಾಷ್ಟ್ರೀಯ ಗ್ರಾಹಕ ಸಹಾಯವಾಣಿ 1915, ಅಲ್ಲಿ ಕನ್ನಡದಲ್ಲೂ ಹೇಳಬಹುದು. ಮಾರಿದವನು ದಿಲ್ಲಿಯಲ್ಲಿದ್ದರೂ ನೀವು ವಿಜಯಪುರದ ಜಿಲ್ಲಾ ಗ್ರಾಹಕ ಆಯೋಗದಲ್ಲೇ ದೂರು ಕೊಡಬಹುದು. ಸಾಮಾನಿಗೆ ಕೊಟ್ಟ ಮೊತ್ತ 5 ಲಕ್ಷದೊಳಗಿದ್ದರೆ ಶುಲ್ಕವೂ ಇಲ್ಲ.

ಮೊನ್ನೆ ತಿಕೋಟಾಕ್ಕೆ ಹೋಗಿದ್ದೆ. ಕಾಕಾ ಹೊಸ ಪಂಪನ್ನು ಅಂಗಡಿಯಲ್ಲೇ ಚಾಲೂ ಮಾಡಿಸಿ ನೋಡಿ ತಂದಿದ್ದಾನೆ. ಫೋನಿನ ಹಿಂದೆ ಒಂದು ಚೀಟಿ ಅಂಟಿಸಿ ದಪ್ಪಕ್ಷರದಲ್ಲಿ 1930 ಅಂತ ಬರೆದುಕೊಂಡಿದ್ದಾನೆ. ಸಂಜೆ ಕಟ್ಟೆಯ ಮೇಲೆ ನಾಲ್ಕು ಮಂದಿ ಕೂತಾಗ ತಾನೇ ಕತೆ ತೆಗೆದ. "ನನ್ನ ರೊಕ್ಕ ಹಿಂಗ ಹೋತು ನೋಡ್ರಪಾ, ನೀವು ಹುಷಾರಿರ್ರಿ." ಯಾರೂ ನಗಲಿಲ್ಲ. ಪಕ್ಕದಲ್ಲಿ ಕೂತಿದ್ದ ಒಬ್ಬರು ಮೆಲ್ಲಗೆ, "ನಂದೂ ಹೋದ ವರ್ಷ ಎಂಟು ಸಾವಿರ ಹೋಗೇತಿ, ಮನ್ಯಾಗ ಹೇಳಿಲ್ಲ" ಅಂದರು.

ನಿಮ್ಮ ಮನೆಯಲ್ಲೂ ಹೀಗೆ ಹೇಳದೇ ಉಳಿದದ್ದು ಇರಬಹುದು. ಈ ಭಾನುವಾರ ಊರಿಗೆ ಫೋನ್ ಮಾಡಿದಾಗ ಊಟ ಆಯ್ತಾ ಅಂತ ಕೇಳಿದ ಮೇಲೆ ಇದನ್ನೂ ಒಂದು ಮಾತು ಕೇಳಿ. ಕೇಳುವಾಗ ಬೈಯಬೇಡಿ, ಅಷ್ಟು ಸಾಕು.